ಸೇನೆಯ ಪಿಂಚಣಿ ಮತ್ತು ಎರಡನೇ ನೌಕರಿ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ

ಸೇನೆಯಿಂದ ನಲವತ್ತರ ಆಸುಪಾಸಿನಲ್ಲಿ ಹೊರಬರುವ ಹವಾಲ್ದಾರನಿಗೆ ಮುಂದೆ ಇನ್ನೂ ಇಪ್ಪತ್ತು ವರ್ಷ ದುಡಿಯುವ ವಯಸ್ಸಿರುತ್ತದೆ. ಕೇಂದ್ರ ಸರ್ಕಾರದ ಕಚೇರಿ, ರಾಜ್ಯದ ಇಲಾಖೆ, ಬ್ಯಾಂಕು, ರಕ್ಷಣಾ ಭದ್ರತಾ ದಳ, ಖಾಸಗಿ ಕಂಪನಿ, ಯಾವುದಕ್ಕೆ ಸೇರಿದರೂ ಸಂಬಳ ಬರುತ್ತದೆ. ಆದರೆ ಈಗಾಗಲೇ ಬರುತ್ತಿರುವ ಪಿಂಚಣಿಯ ಮೇಲೆ ಆ ನೌಕರಿ ಬೀರುವ ಪರಿಣಾಮ ಒಂದೊಂದು ಕಡೆ ಒಂದೊಂದು ಥರ. ಸೇರುವಾಗ ಕೊಡುವ ಫಾರಂಗಳಲ್ಲಿ ಒಂದೆರಡಕ್ಕೆ ಮೂರು ತಿಂಗಳ ಗಡುವು, ಇನ್ನು ಕೆಲವಕ್ಕೆ ಮೂವತ್ತೇ ದಿನ. ಗಡುವು ದಾಟಿದರೆ ನಿಮ್ಮ ಬದಲಿಗೆ ನಿಯಮವೇ ತೀರ್ಮಾನ ಮಾಡಿಬಿಡುತ್ತದೆ.

ಇದರ ಜೊತೆಗೆ ಹಿರಿಯರ ಸಲಹೆಯೂ ಇರುತ್ತದೆ: "ಸೇನೆಯ ಪಿಂಚಣಿ ಸರೆಂಡರ್ ಮಾಡಿ ಸರ್ವಿಸ್ ಕೂಡಿಸಿಕೋ, ದೊಡ್ಡ ಪಿಂಚಣಿ ಬರುತ್ತೆ." ಅವರ ಕಾಲಕ್ಕೆ ಅದು ಸರಿಯಾದ ಮಾತೇ. ಈಗ ಬಹುತೇಕರಿಗೆ ಅದು ನಷ್ಟದ ದಾರಿ. ಏಕೆಂದು ಲೆಕ್ಕ ಹಾಕಿಯೇ ನೋಡಬೇಕು.

ಮೊದಲು ದಿನಾಂಕ ನೋಡಿ

ಸೇನೆಯ ಸೇವಾ ಪಿಂಚಣಿಗೆ ಜೆಸಿಓ (ಕಿರಿಯ ಕಮಿಷನ್ಡ್ ಅಧಿಕಾರಿ) ಮತ್ತು ಅವರಿಗಿಂತ ಕೆಳಗಿನ ದರ್ಜೆಯವರಿಗೆ ಕನಿಷ್ಠ 15 ವರ್ಷ, ಕಮಿಷನ್ಡ್ ಅಧಿಕಾರಿಗಳಿಗೆ ಕನಿಷ್ಠ 20 ವರ್ಷ ಅರ್ಹತಾದಾಯಕ ಸೇವೆ ಬೇಕು. ಸೇವೆಯ ಕಾರಣದಿಂದ ಬಂದ ಅಂಗವೈಕಲ್ಯದ ಪಿಂಚಣಿಗೆ ಇಷ್ಟು ವರ್ಷ ಎಂಬ ಮಿತಿ ಇಲ್ಲ. ಈ 15 ಅಥವಾ 20 ವರ್ಷ ತುಂಬದೆ ಬಂದವರಿಗೆ, ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೆ, ಕೈಗೆ ಬಂದಿರುವುದು ಗ್ರಾಚ್ಯುಟಿ ಮಾತ್ರ. ನಾಲ್ಕು ವರ್ಷದ ಅಗ್ನಿವೀರರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಆದ್ದರಿಂದ ಇಲ್ಲಿನ ಹೋಲಿಕೆ ಅವರಿಗೆ ಅನ್ವಯಿಸುವುದಿಲ್ಲ.

ಇನ್ನು ಎರಡನೇ ನೌಕರಿಗೆ ಸೇರಿದ ದಿನಾಂಕ. ಕೇಂದ್ರದ ನಾಗರಿಕ ಹುದ್ದೆಗೆ 1.1.2004ರಂದು ಅಥವಾ ನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಅಡಿ ಬರುತ್ತಾರೆ. ಕರ್ನಾಟಕ ಸರ್ಕಾರದ ನೌಕರರಿಗೆ ಈ ಗಡಿ 1.4.2006. ಸೇನೆ ಎನ್‌ಪಿಎಸ್‌ನಿಂದ ಹೊರಗಿದೆ, ನಾಗರಿಕ ಹುದ್ದೆ ಹೊರಗಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದಲೂ ಸರ್ಕಾರಿ ಸೇವೆಯಲ್ಲೇ ಇದ್ದೇನಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕೇಂದ್ರದಲ್ಲಿ 22.12.2003ಕ್ಕಿಂತ ಮೊದಲು ಜಾಹೀರಾತಾದ ಹುದ್ದೆಗೆ ಆಯ್ಕೆಯಾಗಿ ತಡವಾಗಿ ಸೇರಿದವರಿಗೆ 2023ರ ಮಾರ್ಚ್ ಆದೇಶದಲ್ಲಿ ಹಳೆ ಪಿಂಚಣಿಗೆ (ಕೊನೆಯ ವೇತನದ ಆಧಾರದಲ್ಲಿ ಸರ್ಕಾರವೇ ಕೊಡುವ ಮೊದಲಿನ ಪಿಂಚಣಿ) ಬರಲು ಒಮ್ಮೆ ಅವಕಾಶ ಕೊಟ್ಟಿದ್ದರು. ರಾಜ್ಯದಲ್ಲೂ 1.4.2006ಕ್ಕೆ ಮೊದಲು ಅಧಿಸೂಚನೆಯಾದ ಹುದ್ದೆಗಳವರಿಗೆ 2024ರ ಜನವರಿಯಲ್ಲಿ ಅಂಥದ್ದೇ ಆದೇಶ ಬಂತು.

ಇದು ಮುಖ್ಯವಾಗುವುದು ಏಕೆಂದರೆ ಸೇನೆಯ ಸೇವೆಯನ್ನು ನಾಗರಿಕ ಸೇವೆಗೆ ಕೂಡಿಸುವ ಅವಕಾಶ ಇರುವುದು ಹಳೆ ಪಿಂಚಣಿಯಲ್ಲಿ ಮಾತ್ರ. ಎನ್‌ಪಿಎಸ್‌ನಲ್ಲಿರುವವರು ಸೇನೆಯ ಪಿಂಚಣಿಯನ್ನು ಒಪ್ಪಿಸಬೇಕಾದ ಪ್ರಶ್ನೆಯೇ ಏಳುವುದಿಲ್ಲ. ಅದು ಅದರ ಪಾಡಿಗೆ ಬರುತ್ತಿರುತ್ತದೆ, ಎನ್‌ಪಿಎಸ್ ನಿಧಿ ಬೇರೆಯಾಗಿ ಬೆಳೆಯುತ್ತದೆ. ಇವತ್ತು ಹೊಸದಾಗಿ ಸೇರುವವರ ಎದುರು ಯಾರಾದರೂ ಸರೆಂಡರ್ ಫಾರಂ ಇಟ್ಟರೆ ಯಾವ ನಿಯಮದ ಅಡಿ ಎಂದು ಬರಹದಲ್ಲಿ ಕೇಳಿ. ಕೇಳದೆ ಸಹಿ ಹಾಕಬೇಡಿ.

ಹಳೆ ಪಿಂಚಣಿಯವರು: ಉಳಿಸಿಕೊಳ್ಳುವುದೋ, ಒಪ್ಪಿಸಿ ಕೂಡಿಸುವುದೋ

ಕೇಂದ್ರದ 1972ರ ಪಿಂಚಣಿ ನಿಯಮಗಳಲ್ಲಿ 19ನೇ ನಿಯಮ ಎರಡು ದಾರಿ ಕೊಟ್ಟಿತ್ತು. ಒಂದು, ಸೇನೆಯ ಪಿಂಚಣಿ ಮತ್ತು ಗ್ರಾಚ್ಯುಟಿಯನ್ನು ಉಳಿಸಿಕೊಳ್ಳುವುದು. ಆಗ ಸೇನೆಯ ವರ್ಷಗಳು ನಾಗರಿಕ ಪಿಂಚಣಿಗೆ ಸೇರುವುದಿಲ್ಲ. ಎರಡು, ಪಿಂಚಣಿ ನಿಲ್ಲಿಸಿ, ಪಡೆದದ್ದನ್ನು ಮರಳಿಸಿ, 18 ವರ್ಷ ತುಂಬಿದ ನಂತರದ ಸೇನಾ ಸೇವೆಯನ್ನು ಕೂಡಿಸಿಕೊಳ್ಳುವುದು. ಖಾಯಂ ನೇಮಕದ ಆದೇಶ ಬಂದ ಮೂರು ತಿಂಗಳೊಳಗೆ ಬರಹದಲ್ಲಿ ಆಯ್ಕೆ ತಿಳಿಸಬೇಕು. ಆದೇಶ ಬಂದಾಗ ರಜೆಯಲ್ಲಿದ್ದರೆ ರಜೆ ಮುಗಿಸಿ ಬಂದ ದಿನದಿಂದ ಮೂರು ತಿಂಗಳು. ಏನೂ ತಿಳಿಸದಿದ್ದರೆ ಮೊದಲನೆಯದನ್ನೇ ಆರಿಸಿದಂತೆ.

ಮರಳಿಸಬೇಕಾದ್ದು ಎಷ್ಟು? ಮರುನೇಮಕಕ್ಕೆ ಮೊದಲು ಪಡೆದ ಮಾಸಿಕ ಪಿಂಚಣಿಯನ್ನು ಕೊಡಬೇಕಿಲ್ಲ. ಮರುನೇಮಕದ ನಂತರ ಪಡೆದ ಪಿಂಚಣಿ, ಕಮ್ಯುಟೇಷನ್ ಮೊತ್ತ (ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಮುಂಗಡವಾಗಿ ಒಟ್ಟಿಗೆ ಪಡೆದ ಹಣ), ಗ್ರಾಚ್ಯುಟಿ ಇವನ್ನು ಕೊಡಬೇಕು. ಹೆಚ್ಚೆಂದರೆ 36 ಮಾಸಿಕ ಕಂತು, ಆಯ್ಕೆ ತಿಳಿಸಿದ ಮುಂದಿನ ತಿಂಗಳಿನಿಂದಲೇ ಆರಂಭ.

ಲೆಕ್ಕ ಅರ್ಥವಾಗಲೆಂದು ದುಂಡು ಅಂಕಿಗಳನ್ನು ತೆಗೆದುಕೊಳ್ಳೋಣ. 20 ವರ್ಷ ಸೇವೆ ಮಾಡಿ 39ನೇ ವಯಸ್ಸಿಗೆ ಬಂದವರ ಮೂಲ ಪಿಂಚಣಿ 20,000 ರೂ. ಸೇನೆಯಲ್ಲಿ ಪಿಂಚಣಿಯ ಅರ್ಧದವರೆಗೆ ಕಮ್ಯೂಟ್ ಮಾಡಬಹುದು. 10,000 ರೂ. ಕಮ್ಯೂಟ್ ಮಾಡಿದ್ದಾರೆ. ಮುಂದಿನ ಹುಟ್ಟುಹಬ್ಬಕ್ಕೆ 40 ತುಂಬುವವರಿಗೆ ಈಗಿನ ಕೋಷ್ಟಕದ ಗುಣಕ 9.090. ಹಾಗಾಗಿ 10,000 × 12 × 9.090 = 10,90,800 ರೂ. ಗ್ರಾಚ್ಯುಟಿ 6,00,000 ಎಂದಿಟ್ಟುಕೊಳ್ಳಿ. 41ಕ್ಕೆ ನಾಗರಿಕ ಹುದ್ದೆಗೆ ಸೇರಿ ಎರಡು ವರ್ಷಕ್ಕೆ ಖಾಯಂ ಆದರೆ ಆ 24 ತಿಂಗಳಲ್ಲಿ ಕೈಗೆ ಬಂದ ಪಿಂಚಣಿ 2,40,000. ಒಟ್ಟು 19,30,800 ರೂ. 36 ಕಂತಿಗೆ ಹಂಚಿದರೆ ತಿಂಗಳಿಗೆ ಸುಮಾರು 53,600. ಏಳನೇ ವೇತನ ಆಯೋಗದ 2ನೇ ಹಂತದ ಗುಮಾಸ್ತರ ಆರಂಭಿಕ ಮೂಲ ವೇತನ 19,900 ರೂ. ಅಂದರೆ ಕಂತೇ ಮೂಲ ವೇತನದ ಎರಡೂವರೆ ಪಟ್ಟಿಗೂ ಹೆಚ್ಚು! ಮನೆ ಕಟ್ಟಲು, ಮಗಳ ಮದುವೆಗೆ ಕಮ್ಯುಟೇಷನ್ ಹಣ ಖರ್ಚಾಗಿರುವ ಸಂಸಾರ ಇದನ್ನು ಎಲ್ಲಿಂದ ತರಬೇಕು? ಕೊನೆಯ ಕಂತು ತೀರುವವರೆಗೂ ಸೇವೆ ಕೂಡಿಸುವ ಹಕ್ಕು ಜೀವ ಪಡೆಯುವುದಿಲ್ಲ. ನಡುವೆ ತೀರಿಕೊಂಡರೆ ಬಾಕಿಯನ್ನು ಕುಟುಂಬಕ್ಕೆ ಬರುವ ಗ್ರಾಚ್ಯುಟಿಯಲ್ಲಿ ಹಿಡಿಯುತ್ತಾರೆ.

ಇಷ್ಟೆಲ್ಲ ಕಟ್ಟಿದ ಮೇಲೆ ಸಿಗುವುದೇನು? ಹಿಂದೆ ಪೂರ್ಣ ಪಿಂಚಣಿಗೆ 33 ವರ್ಷ ಸೇವೆ ಬೇಕಿತ್ತು. 19 ವರ್ಷದ ನಾಗರಿಕ ಸೇವೆಗೆ ಪೂರ್ಣ ಪಿಂಚಣಿಯ 33ರಲ್ಲಿ 19 ಪಾಲು ಮಾತ್ರ. ಸೇನೆಯ 14 ವರ್ಷ ಕೂಡಿಸಿದರೆ ಪೂರ್ತಿ. ಹಿರಿಯರ ಸಲಹೆ ಹುಟ್ಟಿದ್ದು ಈ ಲೆಕ್ಕದಿಂದ. ಆರನೇ ವೇತನ ಆಯೋಗದ ನಂತರ ಆ 33ರ ಕೊಂಡಿ ಕಳಚಿತು. ಈಗ ವಯೋನಿವೃತ್ತಿ ಹೊತ್ತಿಗೆ 10 ವರ್ಷ ಆಗಿದ್ದರೂ ವೇತನದ ಶೇ. 50 ಪಿಂಚಣಿ ಬರುತ್ತದೆ. ಮೇಲಿನ ಉದಾಹರಣೆಯವರು 60ಕ್ಕೆ ನಿವೃತ್ತರಾದಾಗ ಅವರ 19 ವರ್ಷ ನಾಗರಿಕ ಸೇವೆಗೇ ಶೇ. 50 ಸಿಗುತ್ತದೆ, ಸೇನೆಯ 20 ವರ್ಷ ಕೂಡಿಸಿದರೂ ಶೇ. 50. ಹೆಚ್ಚುವುದು ಗ್ರಾಚ್ಯುಟಿ ಒಂದೇ. ಆರು ತಿಂಗಳ ಸೇವೆಗೆ ಕಾಲು ತಿಂಗಳ ವೇತನದಂತೆ 19 ವರ್ಷಕ್ಕೆ ಒಂಬತ್ತೂವರೆ ತಿಂಗಳದ್ದು, 33 ವರ್ಷಕ್ಕೆ ಗರಿಷ್ಠ ಹದಿನಾರೂವರೆ ತಿಂಗಳದ್ದು. ಏಳು ತಿಂಗಳ ವೇತನದ ಈ ಹೆಚ್ಚಳಕ್ಕೆ ಬದಲಾಗಿ ಜೀವನಪೂರ್ತಿ ಬರುವ ಸೇನೆಯ ಪಿಂಚಣಿ ಹೋಗುತ್ತದೆ.

ಅದರೊಂದಿಗೆ ಸಮಾನ ಹುದ್ದೆ ಸಮಾನ ಪಿಂಚಣಿಯ ಪರಿಷ್ಕರಣೆಯೂ ಕೈತಪ್ಪುತ್ತದೆ. ಅದು 1.7.2014ರಿಂದ ಜಾರಿಗೆ ಬಂದು 2019 ಮತ್ತು 2024ರ ಜುಲೈಗಳಲ್ಲಿ ಪರಿಷ್ಕರಣೆಯಾಗಿದೆ. ಹದಿನೈದು ವರ್ಷಕ್ಕೆ ಮರಳಿ ಸೇರುವ ಕಮ್ಯುಟೇಷನ್ ಭಾಗವೂ ಅಷ್ಟೇ.

ಹಾಗಿದ್ದರೂ ಕೂಡಿಸುವುದು ಲಾಭವಾಗುವ ಸಂದರ್ಭಗಳಿವೆ. ಸೇನೆಯಲ್ಲಿ ಏಳೆಂಟು ವರ್ಷವಿದ್ದು ಪಿಂಚಣಿ ಇಲ್ಲದೆ ಬಂದವರು ಮರಳಿಸಬೇಕಾದ್ದು ಅಂದು ಪಡೆದ ಗ್ರಾಚ್ಯುಟಿ ಮಾತ್ರ, ಕಳೆದುಕೊಳ್ಳುವ ಪಿಂಚಣಿಯೂ ಇಲ್ಲ. ಅವರು ಕೂಡಿಸಿಕೊಳ್ಳಲೇಬೇಕು. ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೂ ಇದೇ ಮಾತು. ನಾಗರಿಕ ಸೇವೆ 10 ವರ್ಷ ಮುಟ್ಟದೆ ವಯೋನಿವೃತ್ತಿ ಆಗುವವರು, 20 ವರ್ಷ ತುಂಬಿಸಿ ಸ್ವಯಂ ನಿವೃತ್ತಿ ಪಡೆಯಬೇಕೆನ್ನುವವರು ಲೆಕ್ಕ ಹಾಕಿ ನೋಡಬಹುದು. ಕೂಡಿಸುವ ಆದೇಶ ಹೊರಟರೆ ಸೇನೆ ಬಿಟ್ಟ ದಿನಕ್ಕೂ ನಾಗರಿಕ ಹುದ್ದೆ ಸೇರಿದ ದಿನಕ್ಕೂ ನಡುವಿನ ಅಂತರ ತಾನಾಗಿಯೇ ಮನ್ನಾ ಆಗುತ್ತದೆ, ಬೇರೆ ಅರ್ಜಿ ಬೇಡ.

ಎನ್‌ಪಿಎಸ್ ಅಥವಾ ಯುಪಿಎಸ್

1.4.2025ರಿಂದ ಕೇಂದ್ರದ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್ ಬಂದಿದೆ. ಹೊಸದಾಗಿ ಸೇರುವವರು 30 ದಿನದೊಳಗೆ ಆರಿಸಬೇಕು. ಇದರಲ್ಲಿ 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಶೇ. 50 ಖಚಿತ ಮೊತ್ತ, 10ರಿಂದ 25 ವರ್ಷದೊಳಗಿದ್ದರೆ ಅನುಪಾತದಂತೆ, ಕನಿಷ್ಠ ತಿಂಗಳಿಗೆ 10,000 ರೂ. ಅದರ ಮೇಲೆ ತುಟ್ಟಿಭತ್ಯೆ. 10 ವರ್ಷ ತುಂಬದಿದ್ದರೆ ಖಚಿತ ಮೊತ್ತ ಇಲ್ಲ.

ಈ ಯೋಜನೆಯನ್ನು ಇಪ್ಪತ್ತೆರಡಕ್ಕೆ ಸೇರುವ ಹುಡುಗ ನೋಡುವ ಕಣ್ಣಿನಿಂದ ಮಾಜಿ ಸೈನಿಕರು ನೋಡಬಾರದು. 40ಕ್ಕೆ ಸೇರಿದರೆ 60ಕ್ಕೆ ಆಗುವುದು 20 ವರ್ಷ, ಸಿಗುವುದು ಶೇ. 40. ಸರಾಸರಿ ಮೂಲ ವೇತನ 60,000 ಇದ್ದರೆ 24,000 ರೂ. ಮತ್ತು ತುಟ್ಟಿಭತ್ಯೆ. 51 ದಾಟಿ ಸೇರಿದವರಿಗೆ 10 ವರ್ಷವೇ ತುಂಬುವುದಿಲ್ಲ, ಅವರಿಗೆ ಯುಪಿಎಸ್ ಬೇಡವೇ ಬೇಡ. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಯುಪಿಎಸ್‌ನಲ್ಲಿ ಸ್ವಯಂ ನಿವೃತ್ತಿಗೆ ಪೂರ್ತಿ ಖಚಿತ ಮೊತ್ತ ಸಿಗಬೇಕಾದರೆ 25 ವರ್ಷ ಆಗಿರಬೇಕು, ಅನುಪಾತದ ಮೊತ್ತಕ್ಕಾದರೂ 20 ವರ್ಷ ಬೇಕು, ಅದೂ ಸಾಮಾನ್ಯ ನಿವೃತ್ತಿಯ ವಯಸ್ಸು ಬಂದ ಮೇಲೆಯೇ ಆರಂಭ. 36 ದಾಟಿ ಸೇರಿದವರಿಗೆ 60ರೊಳಗೆ 25 ವರ್ಷ ತುಂಬುವುದೇ ಇಲ್ಲ. ಸೇನೆಯಲ್ಲಿ ಸವೆದ ಮಂಡಿ, ಬೆನ್ನು ಐವತ್ತೈದಕ್ಕೆ ಕೈಕೊಟ್ಟು ಮನೆಗೆ ಹೋಗುವಂತಾದರೆ ಈ ಖಾತರಿ ಕೈಯಲ್ಲಿರುವುದಿಲ್ಲ. ಎನ್‌ಪಿಎಸ್‌ನಲ್ಲಿ ಮುಂಚೆ ಬಿಟ್ಟರೂ ನಿಧಿ ನಿಮ್ಮದೇ, ಆದರೆ ಶೇ. 80 ಭಾಗಕ್ಕೆ ವರ್ಷಾಶನ (ವಿಮಾ ಕಂಪನಿಯಿಂದ ನಿಯಮಿತವಾಗಿ ಬರುವ ಪಿಂಚಣಿ) ಕೊಳ್ಳಬೇಕು. 60ಕ್ಕೆ ಹೊರಬಂದರೆ ಶೇ. 40 ಭಾಗಕ್ಕೆ ಕೊಂಡರೆ ಸಾಕು, ಉಳಿದ ಶೇ. 60 ಒಟ್ಟಿಗೆ ಕೈಗೆ.

ಯುಪಿಎಸ್‌ನಲ್ಲಿ ನಿಮ್ಮ ನಂತರ ಕುಟುಂಬಕ್ಕೆ ಬರುವುದು ಖಚಿತ ಮೊತ್ತದ ಶೇ. 60, ಅದು ಹೆಂಡತಿ ಅಥವಾ ಗಂಡನಿಗೆ ಮಾತ್ರ. ಎನ್‌ಪಿಎಸ್‌ನಲ್ಲಿ ಸರ್ಕಾರದ ಪಾಲು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14. ಯುಪಿಎಸ್‌ನಲ್ಲಿ ನಿಮ್ಮ ಖಾತೆಗೆ ಬರುವುದು ಶೇ. 10, ಇನ್ನು ಶೇ. 8.5 ಸಾಮೂಹಿಕ ನಿಧಿಗೆ. ಸೇನೆಯ ಪಿಂಚಣಿ ಎಂಬ ತುಟ್ಟಿಭತ್ಯೆ ಸಹಿತದ ಆಧಾರ ಈಗಾಗಲೇ ಇರುವವರಿಗೆ, 20 ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿದ್ದರೆ, ಎನ್‌ಪಿಎಸ್‌ನ ದೊಡ್ಡ ಗಂಟೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೂವತ್ತೈದರ ಒಳಗೆ ಸೇರಿ ಕೊನೆತನಕ ಇರುತ್ತೇವೆ ಎನ್ನುವವರಿಗೆ ಯುಪಿಎಸ್ ಚೆನ್ನಾಗಿ ಹೊಂದುತ್ತದೆ. ಆರಿಸಿದ ಮೇಲೂ ವಯೋನಿವೃತ್ತಿಗೆ ಒಂದು ವರ್ಷ ಮೊದಲಿನವರೆಗೆ ಯುಪಿಎಸ್‌ನಿಂದ ಎನ್‌ಪಿಎಸ್‌ಗೆ ಒಮ್ಮೆ ಮರಳಬಹುದು. ಈ ವಿಭಾಗದಲ್ಲಿ ಯುಪಿಎಸ್ ಬಗ್ಗೆ ಹೇಳಿದ್ದೆಲ್ಲ ಕೇಂದ್ರದ ನೌಕರರಿಗೆ.

ತುಟ್ಟಿಭತ್ಯೆ: ಎಲ್ಲರೂ ಎಡವುವ ಜಾಗ

ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಕಮ್ಯೂಟ್ ಮಾಡುವ ಮೊದಲಿನ ಪೂರ್ತಿ ಮೊತ್ತದ ಮೇಲೆ ಬರುತ್ತದೆ. 20,000 ಮೂಲ ಪಿಂಚಣಿಗೆ ಶೇ. 50 ದರದಲ್ಲಿ ತಿಂಗಳಿಗೆ 10,000 ರೂ. ಮರುನೇಮಕದ ಅವಧಿಯಲ್ಲಿ ಇದು ಸಿಗುತ್ತದೋ ಇಲ್ಲವೋ ಎಂಬುದು ನಿಮ್ಮ ಸೇನಾ ದರ್ಜೆ ಮತ್ತು ಹೊಸ ಕಡೆ ವೇತನ ನಿಗದಿಯಾದ ಬಗೆಯ ಮೇಲೆ ನಿಂತಿದೆ.

ಕಮಿಷನ್ಡ್ ಅಧಿಕಾರಿಗಿಂತ ಕೆಳಗಿನ ದರ್ಜೆಯಲ್ಲಿದ್ದು 55ಕ್ಕೆ ಮೊದಲು ನಿವೃತ್ತರಾದವರ ಸಂಪೂರ್ಣ ಪಿಂಚಣಿಯನ್ನು ಕೇಂದ್ರದಲ್ಲಿ ವೇತನ ನಿಗದಿಗೆ ಲೆಕ್ಕಿಸುವುದಿಲ್ಲ. ಹೊಸ ಹುದ್ದೆಯ ವೇತನ ಶ್ರೇಣಿಯ ಕನಿಷ್ಠದಲ್ಲಿ ಆರಂಭ, ಪಿಂಚಣಿಯೂ ಪೂರ್ತಿ, ತುಟ್ಟಿಭತ್ಯೆಯೂ ಪೂರ್ತಿ. ನಂತರ ಇನ್‌ಕ್ರಿಮೆಂಟ್ ಬಂದು ವೇತನ ಏರಿದರೆ ತೊಂದರೆಯಿಲ್ಲ, ನೋಡುವುದು ಮೊದಲ ನಿಗದಿಯನ್ನು. ಅಧಿಕಾರಿಗಳ ವಿಷಯ ಬೇರೆ. ಅವರ ಪಿಂಚಣಿಯಲ್ಲಿ ಮೊದಲ 15,000 ರೂ. ಬಿಟ್ಟು ಉಳಿದದ್ದನ್ನು ವೇತನದಲ್ಲಿ ಕಳೆಯುತ್ತಾರೆ. 2017ಕ್ಕೆ ಮೊದಲು ಈ ಮಿತಿ 4,000 ಇತ್ತು. 60,000 ಪಿಂಚಣಿಯ ಮೇಜರ್‌ಗೆ 45,000 ಕಡಿತ. ಮರುನೇಮಕ ಮುಗಿಯುವವರೆಗೆ ಅವರ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ.

ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಇನ್ನೊಂದು ತಿರುವಿದೆ. ಅಲ್ಲಿ ಸೇನೆಯಲ್ಲಿ ಕೊನೆಗೆ ಪಡೆದ ವೇತನ ನೋಡಿ ಮೇಲಿನ ಹಂತದಲ್ಲಿ ವೇತನ ನಿಗದಿ ಮಾಡಿಸಿಕೊಳ್ಳಬಹುದು. ಹಾಗೆ ಕನಿಷ್ಠಕ್ಕಿಂತ ಮೇಲೆ ನಿಗದಿಯಾದ ದಿನದಿಂದ ಸೇನೆಯ ಪಿಂಚಣಿಯ ತುಟ್ಟಿಭತ್ಯೆ ನಿಲ್ಲಬೇಕು. ಎರಡೂ ಒಟ್ಟಿಗೆ ಇಲ್ಲ. ಆದರೂ ಹೋಲಿಸಿದರೆ ಸಾಮಾನ್ಯವಾಗಿ ವೇತನ ರಕ್ಷಣೆಯೇ ತೂಗುತ್ತದೆ, ಏಕೆಂದರೆ ಮೂಲ ವೇತನದ ಮೇಲೆ ಭತ್ಯೆಗಳೂ ಎನ್‌ಪಿಎಸ್ ಪಾಲೂ ಬೆಳೆಯುತ್ತವೆ, ನಿಂತ ತುಟ್ಟಿಭತ್ಯೆ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮತ್ತೆ ಶುರುವಾಗುತ್ತದೆ. ವೇತನದ ಹೆಚ್ಚಳ ತಿಂಗಳಿಗೆ ಏಳೆಂಟು ಸಾವಿರವಷ್ಟೇ ಆಗಿ ತುಟ್ಟಿಭತ್ಯೆ ಹನ್ನೆರಡು ಸಾವಿರ ಇದ್ದರೆ ಮಾತ್ರ ಎರಡು ಬಾರಿ ಯೋಚಿಸಿ.

ಇಲ್ಲಿ ಆಗುವ ಅನಾಹುತ ಎರಡು ಬಗೆ. ವೇತನ ರಕ್ಷಣೆ ಪಡೆದು ಪಿಂಚಣಿ ಕೊಡುವವರಿಗೆ ತಿಳಿಸದೆ ಇದ್ದವರಿಂದ ವರ್ಷಗಳ ತುಟ್ಟಿಭತ್ಯೆಯನ್ನು ಒಟ್ಟಿಗೆ ವಸೂಲು ಮಾಡುತ್ತಾರೆ. ಇನ್ನೊಂದು ಕಡೆ, ಜೀವನ ಪ್ರಮಾಣಪತ್ರ ಕೊಡುವಾಗ ಮರುನೇಮಕ ಆಗಿದೆ ಎಂದು ಪ್ರಾಮಾಣಿಕವಾಗಿ ತುಂಬಿದ ಹವಾಲ್ದಾರನ ತುಟ್ಟಿಭತ್ಯೆ, ಅರ್ಹತೆ ಇದ್ದರೂ, ನಿಂತುಹೋಗುತ್ತದೆ. ಇದಕ್ಕೆ ಮದ್ದು ಒಂದೇ ಹಾಳೆ. ವೇತನವನ್ನು ಶ್ರೇಣಿಯ ಕನಿಷ್ಠದಲ್ಲಿ ನಿಗದಿಪಡಿಸಿದೆ, ಸಂಪೂರ್ಣ ಪಿಂಚಣಿಯನ್ನು ಲೆಕ್ಕದಿಂದ ಬಿಟ್ಟಿದೆ ಎಂದು ಉದ್ಯೋಗದಾತರು ಸಹಿ, ಮೊಹರಿನೊಂದಿಗೆ ಕೊಡುವ ಪ್ರಮಾಣಪತ್ರ. ಸೇರಿದ ಮೊದಲ ತಿಂಗಳಲ್ಲೇ ಪಡೆದು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಅಥವಾ ಪಿಂಚಣಿ ಬರುವ ಬ್ಯಾಂಕಿನಲ್ಲಿ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಖಾಸಗಿ ಕಂಪನಿಯ ನೌಕರಿ ಪಿಂಚಣಿಯನ್ನೂ ತುಟ್ಟಿಭತ್ಯೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ನೌಕರರ ಪಿಂಚಣಿ ಯೋಜನೆಯಿಂದ ಹೆಚ್ಚು ನಿರೀಕ್ಷೆ ಬೇಡ. 15,000 ರೂ. ಮಿತಿಯಲ್ಲಿ 18 ವರ್ಷ ದುಡಿದರೂ 15,000 × 18 ÷ 70, ಅಂದರೆ ಸುಮಾರು 3,857 ರೂ. ಮೊದಲ ಸಲ ಪಿಎಫ್‌ಗೆ ಸೇರುವಾಗಲೇ ವೇತನ 15,000 ಮೀರಿದ್ದರೆ ಆ ಯೋಜನೆಗೆ ಸದಸ್ಯತ್ವವೇ ಇಲ್ಲ, ಮಾಲೀಕರ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಹೋಗುತ್ತಿದೆಯೇ ಎಂದು ಪಾಸ್‌ಬುಕ್ ನೋಡಿ.

ರಕ್ಷಣಾ ಭದ್ರತಾ ದಳ

ರಕ್ಷಣಾ ಭದ್ರತಾ ದಳ, ಅಂದರೆ ಸೇನಾ ನೆಲೆಗಳ ಕಾವಲಿನ ಡಿಎಸ್‌ಸಿ ಸೇರುವವರಿಗೆ ಎನ್‌ಪಿಎಸ್ ಇಲ್ಲ, ಸೇನೆಯದ್ದೇ ಪಿಂಚಣಿ ನಿಯಮ. ಮೊದಲ ಪಿಂಚಣಿ ಉಳಿಸಿಕೊಂಡು ಅಲ್ಲಿ 15 ವರ್ಷ ಪೂರೈಸಿದರೆ ಎರಡನೇ ಸೇವಾ ಪಿಂಚಣಿ. ಖಚಿತತೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಾದದ್ದು ಬೇರೆ ಇಲ್ಲ. ಆದರೆ ಸೇರುವ ದಿನವೇ ನಿವೃತ್ತಿಯ ವಯಸ್ಸಿನಿಂದ ಹಿಂದಕ್ಕೆ ಎಣಿಸಿ 15 ವರ್ಷ ಉಳಿದಿದೆಯೇ ನೋಡಿ. ಹದಿನಾಲ್ಕೂಕಾಲು ವರ್ಷಕ್ಕೆ ಬಿಡುಗಡೆಯಾಗಿ ಕೊರತೆ ಮನ್ನಾ ಮಾಡಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೂ ಹೈಕೋರ್ಟಿಗೂ ವರ್ಷಗಟ್ಟಲೆ ಅಲೆದವರಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಆ ಅಲೆದಾಟ ಯಾರಿಗೂ ಬೇಡ. ಮೊದಲ ಸೇವೆಯಲ್ಲಿ ಪಿಂಚಣಿ ಸಿಗದೆ ಬಂದವರು ಮಾತ್ರ ಹಿಂದಿನ ವರ್ಷಗಳನ್ನು ಕೂಡಿಸುವ ಆಯ್ಕೆಯನ್ನು ಸೇರುವಾಗಲೇ ಬರೆದುಕೊಡಿ.

ಮನೆಯವರ ಪಾಲು

ಮೊದಲು ಸೇನೆಯದು, ನಾಗರಿಕ ಸೇವೆಯದು, ಎರಡರಲ್ಲಿ ಲಾಭದಾಯಕವಾದ ಒಂದೇ ಕುಟುಂಬ ಪಿಂಚಣಿ ಸಿಗುತ್ತಿತ್ತು. 24.9.2012ರಿಂದ ಮರುನೇಮಕಗೊಂಡ ಮಾಜಿ ಸೈನಿಕರ ಕುಟುಂಬಕ್ಕೆ ಎರಡೂ ಸಿಗುತ್ತವೆ. ಹಳೆ ಪಿಂಚಣಿಯವರು ಸೇನೆಯ ಪಿಂಚಣಿಯನ್ನು ಉಳಿಸಿಕೊಳ್ಳಲು ಇದು ಇನ್ನೊಂದು ಬಲವಾದ ಕಾರಣ. ಅದಕ್ಕೂ ಮೊದಲು ಗಂಡನನ್ನು ಕಳೆದುಕೊಂಡು ಈಗಲೂ ಒಂದನ್ನೇ ಪಡೆಯುತ್ತಿರುವ ತಾಯಂದಿರಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋಗಿ, ಎರಡೂ ಪಿಪಿಓಗಳನ್ನು (ಪಿಂಚಣಿ ಪಾವತಿ ಆದೇಶ) ತೋರಿಸಿ ವಿಚಾರಿಸಿ. ಎನ್‌ಪಿಎಸ್‌ನಲ್ಲಿರುವವರು ಸೇವೆಯಲ್ಲಿರುವಾಗಲೇ ಸಾವು ಬಂದರೆ ಕುಟುಂಬಕ್ಕೆ ಹಳೆ ನಿಯಮದ ಪಿಂಚಣಿಯೋ ಎನ್‌ಪಿಎಸ್ ನಿಧಿಯೋ ಎಂಬ ಆಯ್ಕೆ ಫಾರಂ ತುಂಬಿ ಸೇವಾ ಪುಸ್ತಕಕ್ಕೆ ಸೇರಿಸಿರಬೇಕು.

ಹೆಸರಿನ ತೊಡಕನ್ನು ಮೊದಲೇ ಬಿಡಿಸಿಕೊಳ್ಳಿ. ನಮ್ಮ ಕಡೆ ಊರು, ಅಪ್ಪನ ಹೆಸರು ಇನಿಶಿಯಲ್ ಆಗಿರುತ್ತದೆ. ಸೇನೆಯ ದಾಖಲೆಯಲ್ಲಿ ಅದು ಬಿಡಿಸಿ ಬರೆದಿರುತ್ತದೆ ಅಥವಾ ಬಿಟ್ಟೇ ಹೋಗಿರುತ್ತದೆ. ಆಧಾರ್‌ನಲ್ಲಿ ಮೂರನೆಯ ರೀತಿ. ಹೆಂಡತಿಯ ಹೆಸರಂತೂ ಮದುವೆಗೆ ಮುಂಚಿನದು ಒಂದು, ನಂತರದ್ದು ಒಂದು. ಡಿಸ್ಚಾರ್ಜ್ ಬುಕ್, ಪಿಪಿಓ, ಆಧಾರ್, ಹೊಸ ಕಚೇರಿಯ ಸೇವಾ ಪುಸ್ತಕ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು, ಜನ್ಮದಿನಾಂಕ ಓದಿ ನೋಡಿ. ವ್ಯತ್ಯಾಸವಿದ್ದರೆ ಪ್ರಮಾಣಪತ್ರದೊಂದಿಗೆ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ನೀವಿರುವಾಗ ಇದು ಒಂದು ಅರ್ಜಿಯ ಕೆಲಸ, ನಿಮ್ಮ ನಂತರ ಹೆಂಡತಿಗೆ ವರ್ಷದ ಅಲೆದಾಟ.

ನಾಲ್ಕೈದು ಕಡೆ ಅರ್ಜಿ ಹಾಕಿ ಮೊದಲು ಕರೆದಲ್ಲಿಗೆ ಸೇರುವವರು, ಸೇರಿದ ಕೂಡಲೇ ಹಿಂದೆ ಹಾಕಿದ ಎಲ್ಲ ಅರ್ಜಿಗಳ ದಿನಾಂಕವಾರು ಪಟ್ಟಿಯನ್ನು ಸ್ವಯಂ ಘೋಷಣೆಯಾಗಿ ಕಚೇರಿಗೆ ಕೊಡಿ. ಕೇಂದ್ರದ 2014ರ ಆಗಸ್ಟ್ ಆದೇಶದಂತೆ ಆ ಪಟ್ಟಿ ಕೊಟ್ಟಿದ್ದರಷ್ಟೇ ಮುಂದಿನ ಹುದ್ದೆಗೂ ಮಾಜಿ ಸೈನಿಕ ಮೀಸಲಾತಿ ಉಳಿಯುತ್ತದೆ. ಪಟ್ಟಿಯ ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿ ಪಿಪಿಓ ಇರುವ ಕಡತದಲ್ಲೇ ಇಡಿ.